ಹೊಳೆಗೂ ಕಡಲಿಗೂ ನಡುವೆ ಕೋಡಿಬೆಂಗ್ರೆ

ನಂದಿ ಬೆಟ್ಟದ ಆಸುಪಾಸಿನಲ್ಲಿ ಹುಟ್ಟುವ ಪಿನಾಕಿನಿ, ಪಾಲಾರ್‌ಗಳೆಲ್ಲ ಮೂಡಣ ಕಡಲಿನ ದಾರಿ ಹಿಡಿದವು. ಚಿಂತಾಮಣಿ, ಗೌರಿಬಿದನೂರಿನ ನಮಗೆ ಪಡುವಣ ಕಡಲೆಂದರೆ ಉಡುಪಿ ಯಾತ್ರೆಯ ಕೊನೆಗೆ ಮಲ್ಪೆಯಲ್ಲಿ ಕಾಲು ನೆನೆಸಿ ಬರುವ ಅರ್ಧ ಗಂಟೆ, ಅಷ್ಟೇ. ಮುಂದಿನ ಸಲ ಇನ್ನೂ ಸ್ವಲ್ಪ ಬಡಗಿಗೆ ಹೋಗಿ. ಕೆಮ್ಮಣ್ಣು ದಾಟಿದರೆ ರಸ್ತೆಯ ಎಡಕ್ಕೆ ಅರಬ್ಬಿ ಸಮುದ್ರ, ಬಲಕ್ಕೆ ಸುವರ್ಣಾ ನದಿ. ನೆಲ ಮುಗಿಯುವಲ್ಲಿ ಕೋಡಿಬೆಂಗ್ರೆ. ಸೀತಾ ನದಿಯೂ ಅಲ್ಲಿಗೇ ಬಂದು, ಎರಡೂ ಕೂಡಿ ಕಡಲಿಗಿಳಿಯುತ್ತವೆ.

ಈ ಊರಿಗೆ ರಸ್ತೆ ಇರುವುದು ಕೆಮ್ಮಣ್ಣಿನ ಕಡೆಯಿಂದ, ಗ್ರಾಮ ಪಂಚಾಯಿತಿ ಇರುವುದು ಹೊಳೆಯಾಚೆಯ ಕೋಡಿಯಲ್ಲಿ! ಎದುರು ದಡದ ಹಂಗಾರಕಟ್ಟೆ ಕಣ್ಣಿಗೆ ಕಾಣುತ್ತದೆ. ರಸ್ತೆ ಹಿಡಿದರೆ ಮಾತ್ರ ಬ್ರಹ್ಮಾವರದ ಮೇಲೆ ದೊಡ್ಡ ಸುತ್ತು. ಹಾಗಾಗಿ ಇಲ್ಲಿ ದೋಣಿಯೇ ಹತ್ತಿರದ ದಾರಿ.

ನೋಡಲೇಬೇಕಾದದ್ದು ಕೈರಂಪಣಿ, ದಡದಿಂದಲೇ ಬಲೆ ಎಳೆದು ಮೀನು ಹಿಡಿಯುವ ಬಗೆ. ಬಲೆಯ ಒಂದು ತುದಿಯ ಹಗ್ಗ ದಡದವರ ಕೈಯಲ್ಲಿರುತ್ತದೆ. ದೋಣಿ ಬಲೆ ಬಿಡುತ್ತಾ ಕಡಲಿನಲ್ಲಿ ಅರ್ಧ ಸುತ್ತು ಹಾಕಿ, ಇನ್ನೊಂದು ತುದಿಯನ್ನು ದೂರದಲ್ಲಿ ದಡ ಮುಟ್ಟಿಸುತ್ತದೆ. ಆಮೇಲೆ ಎರಡು ಗುಂಪು ಹಿಮ್ಮಡಿ ಊರಿ ಎಳೆಯುತ್ತಾ, ಒಂದರತ್ತ ಒಂದು ಸರಿಯುತ್ತಾ ಬರುತ್ತವೆ. ಬಲೆಯ ಹೊಟ್ಟೆ ಮರಳಿಗೆ ತಾಗುವವರೆಗೆ ಒಳಗೆ ಬಂಗುಡೆಯೋ ಬೂತಾಯಿಯೋ ಬರೀ ಕಸವೋ ಯಾರಿಗೂ ಗೊತ್ತಿಲ್ಲ. ಸಿಕ್ಕಿದ್ದರಲ್ಲಿ ಬಲೆಗೆ, ದೋಣಿಗೆ, ಎಳೆದವರಿಗೆ ಪಾಲು. ಹತ್ತಾರು ಮಂದಿ ಸೇರಿ ಎಳೆಯುತ್ತಿದ್ದ ದೊಡ್ಡ ರಂಪಣಿ ಈಗಿಲ್ಲ. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದು, ಮೀನಿನ ಹಿಂಡು ದಡ ಸೇರುವ ಮೊದಲೇ ಅದನ್ನು ಸುತ್ತುಗಟ್ಟಿದವು. ಉಳಿದದ್ದು ಈ ಚಿಕ್ಕ ತಮ್ಮ.

ಮೀನಿಗೂ ಹರಾಜೇ, ಶಿಡ್ಲಘಟ್ಟದ ರೇಷ್ಮೆಗೂಡಿನ ಹಾಗೆ. ಗೂಡಾದರೆ ಚಿಟ್ಟೆ ಹೊರಬರುವವರೆಗೆ ಕೆಲವು ದಿನ ಕಾಯುತ್ತದೆ. ಮೀನು ಮಧ್ಯಾಹ್ನದ ಬಿಸಿಲಿಗೂ ಕಾಯದು. ಬೆಲೆ ಕೂಗುವವರ ಅವಸರ ಅದಕ್ಕೇ. ಹೊಳೆಯ ಕಡೆ ಇಷ್ಟು ಗಲಾಟೆಯಿಲ್ಲ. ನೀರಿನ ಇಳಿತ ನೋಡಿಕೊಂಡು ಸೊಂಟದ ಮಟ್ಟದ ನೀರಿಗಿಳಿದು ಮರುವಾಯಿ ಚಿಪ್ಪು ಹೆಕ್ಕುತ್ತಾರೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ, ನಾಡದೋಣಿಗಳಿಗೆ ಸುಗ್ಗಿ. ಆದರೆ ಹೊಳೆ ಕಡಲು ಸೇರುವ ಅಳಿವೆಯನ್ನು ಮಳೆಗಾಲದಲ್ಲಿ ದಾಟುವುದು ಹುಡುಗಾಟವಲ್ಲ: ಹೊಳೆಯ ಸೆಳೆತ ಹೊರಕ್ಕೆ, ಅಲೆಯ ಹೊಡೆತ ಒಳಕ್ಕೆ, ಅಡಿಯಲ್ಲಿ ಜಾಗ ಬದಲಿಸುವ ಮರಳಿನ ದಿಬ್ಬ. ಪ್ರವಾಸಿಗರಿಗೆ ಇದು ‘ಡೆಲ್ಟಾ ಬೀಚ್’. ಫೋಟೊ ಚೆನ್ನಾಗಿ ಬರುತ್ತದೆ, ಈಜು ಮಾತ್ರ ಬೇಡ. ಮಳೆ ಮುಗಿದ ಮೇಲೆ, ಬೆಳಿಗ್ಗೆ ಬೇಗ ಹೋಗಿ. ಬಲೆ ಎಳೆಯುತ್ತಿದ್ದರೆ ಹಗ್ಗ ತುಳಿಯಬೇಡಿ, ಕೇಳಿಕೊಂಡು ಕೈಜೋಡಿಸಿ.