ಧ್ವನಿವರ್ಧಕದ ಗುಂಯ್‌ಕಾರ

ದಂಡಿನ ಪ್ರದೇಶದ ಹಳೆಯ ಬಂಗಲೆಯಾಗಲಿ, ಇಂದಿರಾನಗರದ ಹೊಸ ಮನೆಯಾಗಲಿ, ಸಂಗೀತ ಕೇಳಲು ಕುಳಿತವರನ್ನು ಧ್ವನಿವರ್ಧಕದ ಎಡೆಬಿಡದ ‘ಗುಂಯ್’ ಶಬ್ದ ಕಾಡುವುದುಂಟು. ಇದರ ಮೂಲವಾವುದು? ಅಪಾಯವಿಲ್ಲದೆ ಇದನ್ನು ಅಡಗಿಸುವ ಬಗೆ ಹೇಗೆ?

1905ರಲ್ಲಿ ಬೆಂಗಳೂರಿನ ಬೀದಿದೀಪಗಳನ್ನು ಬೆಳಗಿದ ಶಿವನಸಮುದ್ರದ ಯಂತ್ರಗಳು ಉತ್ಪಾದಿಸುತ್ತಿದ್ದುದು ಸೆಕೆಂಡಿಗೆ 25 ಆವರ್ತಗಳ ವಿದ್ಯುತ್ತನ್ನು. ಇಂದು ದೇಶದಲ್ಲೆಲ್ಲ ಬಳಕೆಯಲ್ಲಿರುವುದು 50 ಆವರ್ತಗಳದು. ನಾವು ಕೇಳುವ ಗುಂಯ್‌ಕಾರ ಈ ಆವರ್ತನೆಯದೇ.

ವರ್ಧಕವನ್ನು ಹಜಾರದ ಸಾಕೆಟ್ಟಿಗೂ ಗಣಕಯಂತ್ರವನ್ನು ಕೋಣೆಯ ಸಾಕೆಟ್ಟಿಗೂ ಜೋಡಿಸಿದೆವೆನ್ನೋಣ. ಎರಡರ ಲೋಹದ ಕವಚಗಳೂ ಮೂರು ಪಿನ್ನಿನ ಪ್ಲಗ್ಗಿನ ಮೂಲಕ ಭೂಸಂಪರ್ಕದ ತಂತಿಯನ್ನು, ಅಂದರೆ ಅರ್ಥಿಂಗನ್ನು ಸೇರಿವೆ. ಈಗ ಸಂಗೀತವನ್ನೊಯ್ಯುವ ತಂತಿಯನ್ನು ಇವುಗಳ ನಡುವೆ ಹಾಕಿದರೆ, ಅದರ ಹೊರಗಿನ ಲೋಹದ ಹೆಣಿಗೆಯೂ ಕವಚಗಳನ್ನು ಕೂಡಿಸಿ, ಒಂದು ಮುಚ್ಚಿದ ಕುಣಿಕೆಯಾಗುತ್ತದೆ. ಎರಡು ಸಾಕೆಟ್ಟುಗಳ ಭೂಸಂಪರ್ಕಗಳಲ್ಲಿ ವೋಲ್ಟೇಜು ತುಸುವೇ ಭಿನ್ನವಾಗಿದ್ದರೂ, ಮಟ್ಟ ಬೇರೆಯಾದ ಎರಡು ತೊಟ್ಟಿಗಳ ನಡುವಣ ಕೊಳವೆಯಲ್ಲಿ ನೀರು ಹರಿಯುವಂತೆ, ಕುಣಿಕೆಯಲ್ಲಿ ಪ್ರವಾಹ ಹರಿಯುತ್ತದೆ. ಹೆಣಿಗೆಯ ರೋಧ 0.1 ಓಮ್, ಪ್ರವಾಹ 10 ಮಿಲಿಆಂಪಿಯರ್ ಎಂದಿಟ್ಟುಕೊಂಡರೆ ಹುಟ್ಟುವುದು 1 ಮಿಲಿವೋಲ್ಟ್. ಸಂಗೀತದ ಸಂಕೇತವೇ ಕೆಲವು ನೂರು ಮಿಲಿವೋಲ್ಟಿನದಾದುದರಿಂದ ನಮ್ಮ ಕಿವಿಗೆ ಇಷ್ಟು ಕಿರುಕುಳ ಸಾಕು.

ಪ್ಲಗ್ಗಿನ ಭೂಸಂಪರ್ಕದ ಪಿನ್ನನ್ನು ಕಿತ್ತರೆ ಶಬ್ದ ನಿಲ್ಲುವುದುಂಟು. ಆದರೆ ಈ ಉಪಾಯ ಎಂದಿಗೂ ಕೂಡದು. ಒಳಗಿನ ತಂತಿ ಸಡಿಲಗೊಂಡು ಕವಚಕ್ಕೆ ತಾಗಿದಾಗ, ಭೂಸಂಪರ್ಕವಿದ್ದರೆ ಭಾರಿ ಪ್ರವಾಹ ಹರಿದು ಫ್ಯೂಸು ಸುಡುತ್ತದೆ. ಇಲ್ಲವಾದರೆ ಕವಚವೇ 230 ವೋಲ್ಟಿಗೇರಿ, ಮುಟ್ಟಿದವರ ಪ್ರಾಣಕ್ಕೆ ಎರವಾಗುತ್ತದೆ. ಆ ಪಿನ್ನು ಉಳಿದೆರಡಕ್ಕಿಂತ ಉದ್ದವಾಗಿರುವುದೂ ಇದಕ್ಕಾಗಿಯೇ: ಅದು ಮೊದಲು ಕೂಡಬೇಕು, ಕೊನೆಗೆ ಬಿಡಬೇಕು.

ಹಾಗಾದರೆ ಮಾಡಬೇಕಾದುದೇನು? ವರ್ಧಕವನ್ನು ಆರಿಸಿ, ಅದಕ್ಕೆ ಬರುವ ಸಂಕೇತದ ತಂತಿಗಳನ್ನು ಒಂದೊಂದಾಗಿ ಬಿಡಿಸಿ, ಪ್ರತಿ ಸಲವೂ ಮತ್ತೆ ಹಾಕಿ ಕೇಳಬೇಕು. ಯಾವುದನ್ನು ಬಿಡಿಸಿದಾಗ ಶಬ್ದ ಅಡಗುವುದೋ ಕುಣಿಕೆ ಅದರಲ್ಲಿದೆ. ಟೆಲಿವಿಷನ್ನಿನ ಕೇಬಲ್ಲು ಬೇರೆಡೆ ಭೂಮಿಯನ್ನು ಮುಟ್ಟಿರುವುದರಿಂದ ಅದನ್ನೂ ಪರೀಕ್ಷಿಸಬೇಕು. ಎಲ್ಲವನ್ನೂ ಬಿಡಿಸಿದರೂ ಶಬ್ದ ಉಳಿದರೆ ದೋಷ ವರ್ಧಕದ್ದೇ ಆಗಿರಬಹುದು.

ಉಪಕರಣಗಳೆಲ್ಲವನ್ನೂ ಒಂದೇ ಸ್ವಿಚ್‌ಬೋರ್ಡಿನಿಂದ ನಡೆಸಿದರೆ ವೋಲ್ಟೇಜಿನ ಭೇದ ತಗ್ಗಿ ಎಷ್ಟೋ ವೇಳೆ ಇಷ್ಟರಿಂದಲೇ ಗುಣ ಕಾಣುತ್ತದೆ. ಸಾಲದಿದ್ದರೆ ಸಂಕೇತದ ತಂತಿಯಲ್ಲಿ ಆಡಿಯೊ ಐಸೊಲೇಟರನ್ನು ಸೇರಿಸಬೇಕು. ಅದರೊಳಗಿನ ಎರಡು ಸುರುಳಿಗಳಿಗೆ ಲೋಹದ ಸಂಬಂಧವಿಲ್ಲ. ಸಂಗೀತ ಕಾಂತಶಕ್ತಿಯ ಮೂಲಕ ದಾಟುತ್ತದೆ, ಕುಣಿಕೆಯ ಪ್ರವಾಹ ದಾಟದು. ಬೆಳಕಿನಿಂದ ಸಂಕೇತವನ್ನೊಯ್ಯುವ ಆಪ್ಟಿಕಲ್ ತಂತಿಯೂ ಅಷ್ಟೇ ಫಲಕಾರಿ. ವರ್ಧಕಕ್ಕೆಂದು ಬೇರೊಂದು ಅರ್ಥಿಂಗ್ ಗುಂಡಿ ತೋಡುವುದು ಮಾತ್ರ ತಪ್ಪು. ಅದರಿಂದ ಭೇದ ಹೆಚ್ಚುವ ಸಂಭವವೇ ಅಧಿಕ, ಅಪಾಯವೂ ಉಂಟು.

ಕವಚವನ್ನು ಮುಟ್ಟಿದಾಗ ಕೈ ಜುಮ್ಮೆಂದರೆ ಮನೆಯ ಭೂಸಂಪರ್ಕವೇ ಕೆಟ್ಟಿರಬಹುದು. ಆಗ ಸಂಗೀತವನ್ನು ನಿಲ್ಲಿಸಿ, ಪರವಾನಗಿಯುಳ್ಳ ವಿದ್ಯುತ್ ಕೆಲಸಗಾರರನ್ನು ಕರೆಯಿಸತಕ್ಕದ್ದು.