ನಲವತ್ತರ ದಣಿವು: ನಾಚಿಕೆಯಲ್ಲ, ತಪಾಸಣೆ ಬೇಕು

ಅಕ್ಕಲಕೋಟ ರಸ್ತೆಯ ಎಂಐಡಿಸಿಯಲ್ಲಿ ಚಾದರ, ಟವೆಲ್‌ ನೇಯುವ ಮಗ್ಗಗಳ ಸದ್ದು ರಾತ್ರಿಯೂ ನಿಲ್ಲುವುದಿಲ್ಲ. ಅಲ್ಲಿ ರಾತ್ರಿ ಪಾಳಿಯಲ್ಲಿ ದುಡಿಯುವ, ನಲವತ್ತು ದಾಟಿದ ಕನ್ನಡಿಗರೊಬ್ಬರು ಕಳೆದ ವರ್ಷ ನನ್ನ ಕಚೇರಿಗೆ ಬಂದರು. ಕೆಲಸದ ವೇಳೆಯಲ್ಲಿ ನಿದ್ರಿಸಿದರೆಂಬ ನೋಟಿಸು ಅವರ ಕೈಯಲ್ಲಿತ್ತು. ಕಾರಣ ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, “ಮೈಯಾಗ ಕಸುವ ಉಳಿದಿಲ್ರಿ ಸಾಹೇಬ್ರ, ಮನ್ಯಾಗ ಹೇಳಾಕೂ ನಾಚಿಕಿ” ಎಂದರು. ಗೋಡೆಯ ಮೇಲಿನ ಜಾಹೀರಾತನ್ನು ನಂಬಿ, ಉಳಿತಾಯವನ್ನೆಲ್ಲ ಯಾವುದೋ ಪುಡಿಗೆ ಸುರಿದಿದ್ದರು. ನೋಟಿಸಿಗೆ ಉತ್ತರಿಸಲು ಕಾಲಾವಕಾಶ ಕೋರಿ ಪತ್ರ ಬರೆದುಕೊಟ್ಟು, ಅವರನ್ನು ವೈದ್ಯರ ಬಳಿಗೆ ಕಳುಹಿಸಿದೆ. ಅದುವರೆಗೆ ಅರಿಯದಿದ್ದ ಮಧುಮೇಹವೂ ಕುಗ್ಗಿದ ಟೆಸ್ಟೋಸ್ಟೆರಾನ್ ಪ್ರಮಾಣವೂ ರಕ್ತಪರೀಕ್ಷೆಯಲ್ಲಿ ಹೊರಬಿದ್ದವು.

ಟೆಸ್ಟೋಸ್ಟೆರಾನ್ ಎಂದೊಡನೆ ನಮ್ಮವರಿಗೆ ನೆನಪಾಗುವುದು ದಾಂಪತ್ಯ ಮಾತ್ರ. ವಾಸ್ತವದಲ್ಲಿ ಸ್ನಾಯುಗಳ ಬಲ, ಮೂಳೆಗಳ ಗಟ್ಟಿತನ, ಕೆಂಪು ರಕ್ತಕಣಗಳ ಉತ್ಪತ್ತಿ, ಮನಸ್ಸಿನ ಉತ್ಸಾಹ ಇವೆಲ್ಲಕ್ಕೂ ಅದು ಬೇಕು. ಅದು ತೀರ ಕುಗ್ಗಿದರೆ ರಕ್ತಹೀನತೆ, ಮೂಳೆಸವೆತ, ಖಿನ್ನತೆ ತಲೆದೋರಬಹುದು. ವಯಸ್ಸಿನೊಂದಿಗೆ ಅದು ನಿಧಾನವಾಗಿ ಇಳಿಯುವುದು ಸಹಜ. ಬೊಜ್ಜು, ಮಧುಮೇಹ, ನಿದ್ರಾಭಂಗ, ಅತಿಯಾದ ಮದ್ಯಪಾನಗಳು ಆ ಇಳಿಕೆಯನ್ನು ಹೆಚ್ಚಿಸುತ್ತವೆ.

ಆದರೆ ಪ್ರತಿಯೊಂದು ದಣಿವಿಗೂ ಇದೇ ಕಾರಣವಲ್ಲ. ಥೈರಾಯ್ಡ್ ದೋಷವೂ ಇರಬಹುದು, ಬರಿಯ ನಿದ್ರೆಯ ಕೊರತೆಯೂ ಇರಬಹುದು. ಆದ್ದರಿಂದ ಪರೀಕ್ಷೆ ಕ್ರಮಬದ್ಧವಾಗಿರಬೇಕು. ಈ ಹಾರ್ಮೋನು ಬೆಳಿಗ್ಗೆ ಹೆಚ್ಚು, ಸಂಜೆಗೆ ಕಡಿಮೆ. ಮುಂಜಾನೆ ರಕ್ತ ಕೊಟ್ಟು, ಫಲಿತಾಂಶ ಕಡಿಮೆ ಬಂದರೆ ಮತ್ತೊಂದು ದಿನ ಪುನಃ ಪರೀಕ್ಷಿಸಿಕೊಳ್ಳಬೇಕು. ರಾತ್ರಿ ಪಾಳಿಯವರು ಆ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ಅಮೆರಿಕದ ಮೂತ್ರರೋಗ ತಜ್ಞರ ಸಂಘವು 2018ರಲ್ಲಿ ಪ್ರತಿ ಡೆಸಿಲೀಟರಿಗೆ 300 ನ್ಯಾನೋಗ್ರಾಂಗಿಂತ ಕೆಳಗಿನ ಪ್ರಮಾಣವನ್ನು ಕೊರತೆಯೆಂದು ಪರಿಗಣಿಸಿತು, ಲಕ್ಷಣಗಳೂ ಜೊತೆಗಿರಬೇಕೆಂದಿತು.

ಚುಚ್ಚುಮದ್ದು ಹಾಕಿಸಿಕೊಂಡರೆ ಆಯಿತೆಂಬ ಭ್ರಮೆಯೂ ಬೇಡ. ಹೊರಗಿನಿಂದ ಟೆಸ್ಟೋಸ್ಟೆರಾನ್ ದೊರೆತಾಗ ದೇಹವು ತನ್ನ ಉತ್ಪಾದನೆಯನ್ನು ತಗ್ಗಿಸುತ್ತದೆ, ವೀರ್ಯಾಣುಗಳು ಕುಗ್ಗುತ್ತವೆ. ಸಂತಾನ ಬಯಸುವವರಿಗೆ ಇದು ಅಪಾಯ. ರಕ್ತವು ಅತಿಯಾಗಿ ಗಟ್ಟಿಯಾಗಲೂಬಹುದು. ನಿಜವಾಗಿ ಅಗತ್ಯವುಳ್ಳವರಿಗೆ ವೈದ್ಯರ ನಿಗಾದಲ್ಲಿ ಅದು ಉಪಯುಕ್ತ ಚಿಕಿತ್ಸೆ.

ಇನ್ನು ಗೋಡೆಯ ಜಾಹೀರಾತುಗಳ ವಿಚಾರ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತುಗಳು) ಕಾಯಿದೆ, 1954ರ 3ನೇ ಕಲಮು, ಲೈಂಗಿಕ ಶಕ್ತಿಯನ್ನು ಹೆಚ್ಚಿಸುವ ಔಷಧವೆಂದು ಜಾಹೀರಾತು ನೀಡುವುದನ್ನೇ ನಿಷೇಧಿಸಿದೆ. ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು. ಕಾಯಿದೆ ಇದ್ದೂ ಆ ವ್ಯಾಪಾರ ನಡೆದಿದೆ. ಏಕೆಂದರೆ ಮೋಸಹೋದವನು ನಾಚಿಕೆಯಿಂದ ದೂರು ಕೊಡುವುದಿಲ್ಲ.

ನಮ್ಮ ಕಕ್ಷಿದಾರರಿಗೆ ವೈದ್ಯರು ಹಾರ್ಮೋನು ಕೊಡಲಿಲ್ಲ. ಮೊದಲು ಮಧುಮೇಹಕ್ಕೆ ಔಷಧ ಆರಂಭಿಸಿ, ತೂಕ ಇಳಿಸಲು ಹೇಳಿದರು. ವೈದ್ಯಕೀಯ ಕಾಗದಗಳನ್ನು ಲಗತ್ತಿಸಿ ನಾನು ನೋಟಿಸಿಗೆ ಉತ್ತರ ಬರೆದೆ. ಮಾಲೀಕರು ಅವರನ್ನು ಹಗಲು ಪಾಳಿಗೆ ಹಾಕಿದರು. ಆರು ತಿಂಗಳ ತರುವಾಯ ದಂಪತಿಗಳಿಬ್ಬರೂ ಕಚೇರಿಗೆ ಬಂದಿದ್ದರು. “ಮೊದಲs ನನಗ ಹೇಳಿದ್ರ ಅಷ್ಟು ರೊಕ್ಕ ಉಳೀತಿತ್ತು” ಎಂದು ಆ ತಾಯಿ ಗದರಿದರು; ಅವರು ನಕ್ಕರು.

ವಕೀಲರಲ್ಲೂ ವೈದ್ಯರಲ್ಲೂ ಮುಚ್ಚಿಡಬಾರದೆಂದು ಹಿರಿಯರು ಹೇಳುತ್ತಾರೆ. ಆ ಸಾಲಿಗೆ ಹೆಂಡತಿಯನ್ನೂ ಸೇರಿಸಿಕೊಳ್ಳೋಣ.