ನಿಮಗಿದು ಗೊತ್ತೇ? ಬಾಸೆಲ್ ಮಿಷನ್ ಮತ್ತು ನಮ್ಮ ಹುಬ್ಬಳ್ಳಿ-ಧಾರವಾಡ

● ಧಾರವಾಡದ ಹಳಬರು ಇಂದಿಗೂ ‘ಬಾಸೆಲ್ ಮಿಷನ್ ಸಾಲಿ’ ಎನ್ನುವಾಗ ಹೇಳುವುದು ಸ್ವಿಟ್ಜರ್ಲೆಂಡಿನ ಒಂದು ಊರಿನ ಹೆಸರು. ಬಾಸೆಲ್ ನಗರದಲ್ಲಿ 1815ರಲ್ಲಿ ಈ ಕ್ರೈಸ್ತ ಸೇವಾ ಸಂಸ್ಥೆ ಹುಟ್ಟಿತು. ಅದರ ಮಿಷನರಿಗಳಲ್ಲಿ ಬಹಳಷ್ಟು ಮಂದಿ ಮಾತ್ರ ಜರ್ಮನರು.

● 1833ರ ಚಾರ್ಟರ್ ಕಾಯ್ದೆ ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷವೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು.

● ಅಲ್ಲಿಂದ ಘಟ್ಟ ಹತ್ತಿದ ಮಿಷನ್ 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಬೆಟಗೇರಿಯಲ್ಲಿ ಕೇಂದ್ರ ತೆರೆಯಿತು. ಹುಬ್ಬಳ್ಳಿಗೆ ರೈಲು ಬರಲು ಇನ್ನೂ ದಶಕಗಳಿದ್ದವು.

● ಆಗ ಈ ಸೀಮೆ ಮುಂಬೈ ಪ್ರಾಂತ್ಯದಲ್ಲಿತ್ತು. ಕಚೇರಿಯಲ್ಲೂ ಶಾಲೆಯಲ್ಲೂ ಮರಾಠಿಯದೇ ಮೇಲುಗೈ. ಜನರ ಜೊತೆ ಜನರ ಮಾತಿನಲ್ಲೇ ಮಾತಾಡಬೇಕೆಂದು ಹೊರಟ ಮಿಷನರಿಗಳು ಕನ್ನಡ ಕಲಿತರು, ಕನ್ನಡದಲ್ಲೇ ಕಲಿಸಿದರು.

● ಧಾರವಾಡಕ್ಕೆ ಮೊದಲು ಬಂದವರಲ್ಲಿ ಹರ್ಮನ್ ಮೋಗ್ಲಿಂಗ್ ಒಬ್ಬರು. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದವರು ಇವರೇ. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಅಚ್ಚಿನ ಬೆಳಕು ಕಂಡದ್ದೂ ಇವರ ಶ್ರಮದಿಂದ.

● ಈ ಭಾಗದಲ್ಲಿ ಸೇವೆ ಸಲ್ಲಿಸಿದ ಜಿ. ವೂರ್ತ್, ಬಸವಪುರಾಣ ಮತ್ತು ಚೆನ್ನಬಸವಪುರಾಣಗಳ ಸಾರವನ್ನು ಇಂಗ್ಲಿಷಿಗೆ ಕೊಂಡೊಯ್ದರು. 1868ರಲ್ಲಿ ಹಳೆಯ ಕಾವ್ಯಗಳಿಂದ ಆಯ್ದು ‘ಪ್ರಾಕ್ಕಾವ್ಯಮಾಲಿಕೆ’ಯನ್ನೂ ಕಟ್ಟಿಕೊಟ್ಟರು.

● ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಬಂದಾಗ ಅವರಿಗೆ 21 ವರ್ಷ. ಕನ್ನಡದ ಮೊದಲ ಪಾಠಗಳಾದದ್ದು ಧಾರವಾಡದ ನೆಲದಲ್ಲಿ. ಶಾಸನ, ಕಾವ್ಯ, ಗಾದೆ, ಸಂತೆಯ ಮಾತು ಎಲ್ಲವನ್ನೂ ಜಾಲಾಡಿ, ಕಣ್ಣು ಮಂಜಾಗುವವರೆಗೆ ದುಡಿದರು. 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು: ಸುಮಾರು 70,000 ಪದ, 1,700ಕ್ಕೂ ಹೆಚ್ಚು ಪುಟ. ಧಾರವಾಡದ ಕಿಟೆಲ್ ಕಾಲೇಜು ಅವರ ಹೆಸರನ್ನೇ ಹೊತ್ತಿದೆ.

● ಗಿರೀಶ ಕಾರ್ನಾಡರು ಓದಿದ್ದು ಧಾರವಾಡದ ಬಾಸೆಲ್ ಮಿಷನ್ ಹೈಸ್ಕೂಲಿನಲ್ಲಿ.

● ಗದಗ-ಬೆಟಗೇರಿಯ ಮಿಷನ್ ಆಸ್ಪತ್ರೆಯನ್ನು ಜನ ಕರೆದದ್ದು ‘ಜರ್ಮನ್ ದವಾಖಾನಿ’ ಎಂದು.

● 1914ರಲ್ಲಿ ಮಹಾಯುದ್ಧ ಶುರುವಾದಾಗ ಜರ್ಮನ್ ಮಿಷನರಿಗಳು ಬ್ರಿಟಿಷರ ಕಣ್ಣಿಗೆ ಶತ್ರುಗಳಾದರು. ಅವರನ್ನು ಬಂಧನದಲ್ಲಿಟ್ಟು, ಬಳಿಕ ದೇಶದಿಂದ ಹೊರಗೆ ಕಳಿಸಲಾಯಿತು. ಶಾಲೆ, ಸಭೆಗಳ ಭಾರ ಸ್ವಿಸ್ ಕೆಲಸಗಾರರ ಮತ್ತು ಊರಿನವರೇ ಆದ ಉಪದೇಶಿ, ಮಾಸ್ತರರ ಹೆಗಲಿಗೆ ಬಿತ್ತು.

● 1947ರ ಸೆಪ್ಟೆಂಬರ್ 27ರಂದು ಹಲವು ಪ್ರೊಟೆಸ್ಟೆಂಟ್ ಸಭೆಗಳು ಒಂದುಗೂಡಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಹುಟ್ಟಿತು. ಬಾಸೆಲ್ ಮಿಷನ್ನಿನ ಸಭೆಗಳು ಇಂದು ಅದರ ಭಾಗ. ಉತ್ತರ ಕರ್ನಾಟಕದ ಡಯಾಸಿಸ್ 1970ರಲ್ಲಿ ಪ್ರತ್ಯೇಕವಾಯಿತು. ಅದರ ಕೇಂದ್ರ ಧಾರವಾಡ.

● ಸರ್ವಜ್ಞನ ತ್ರಿಪದಿಗಳು ಇಷ್ಟು ಸಂಖ್ಯೆಯಲ್ಲಿ ನಮ್ಮ ಕೈಸೇರಿದ್ದು ಒಬ್ಬ ಕ್ರೈಸ್ತ ಪಾದ್ರಿಯಿಂದ! 1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ಉತ್ತಂಗಿ ಚನ್ನಪ್ಪನವರು ಮಿಷನ್ ಶಾಲೆಯಲ್ಲಿ ಓದಿ, ಮಂಗಳೂರಿನ ದೈವಜ್ಞಾನ ಶಾಲೆಯಲ್ಲಿ ಕಲಿತು, ಬಾಸೆಲ್ ಮಿಷನ್ನಿನ ಉಪದೇಶಿಯಾದರು. ಉಪದೇಶಕ್ಕೆಂದು ಹಳ್ಳಿ ಹಳ್ಳಿ ತಿರುಗುತ್ತ ಜನರ ಬಾಯಲ್ಲಿದ್ದ, ಓಲೆಗರಿಯಲ್ಲಿದ್ದ ತ್ರಿಪದಿಗಳನ್ನು ಕೂಡಿಹಾಕಿ, 1924ರಲ್ಲಿ ‘ಸರ್ವಜ್ಞನ ವಚನಗಳು’ ಪ್ರಕಟಿಸಿದರು. ಶರಣರ ವಚನಗಳನ್ನೂ ಅದೇ ಪ್ರೀತಿಯಿಂದ ಶೋಧಿಸಿದರು. ನಾಡು ಅವರನ್ನು ‘ತಿರುಳ್ಗನ್ನಡದ ತಿರುಕ’ ಎಂದು ಕೊಂಡಾಡಿತು.

● ಧರ್ಮ ಸಾರಲು ಬಂದ ಮಿಷನ್ನಿಗೆ ಈ ಸೀಮೆಯಲ್ಲಿ ದೊಡ್ಡ ಹಿಂಡೇನೂ ದಕ್ಕಲಿಲ್ಲ. ದಕ್ಕಿದ್ದು ಕನ್ನಡಕ್ಕೆ: ನಿಘಂಟು, ಪತ್ರಿಕೆ, ಶಾಲೆ, ಮತ್ತು ಉತ್ತಂಗಿಯವರಂಥ ಒಬ್ಬ ವಿದ್ವಾಂಸ. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನ ಅಧ್ಯಕ್ಷ ಪೀಠದಲ್ಲಿ ಕೂರಿಸಿದ್ದು ಈ ಧಾರವಾಡದ ಪಾದ್ರಿಯನ್ನೇ.